ಹದಿನಾಲ್ಕನೆಯ ಗಾಡಿ

ಜೂನ್ ೩

ಮೊಳೆ,

ಒಂಬತ್ತು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಫೋನಾದರೆ ಕತ್ತರಿಸಬಹುದು, ಕಾಗದವನ್ನು ಕುತೂಹಲಕ್ಕಾದರೂ ಓದುತ್ತೀಯ ಎಂದು ಬರೆಯುತ್ತಿದ್ದೇನೆ. ಬೆಳಗಿನ ಬಸ್ಸಿನ ಡ್ರೈವರ್ ಮಾವ ಇದನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಉತ್ತರವನ್ನೂ ಅವರ ಹತ್ತಿರವೇ ಕೊಡು.

ಆರು ವರ್ಷದ ಮೇಲೆ, ಚಿಕ್ಕಂದಿನ ಅಡ್ಡಹೆಸರಿನಲ್ಲೇ ಕರೆದು, ತಮ್ಮನಿಗೆ ಬರೆಯುವ ಮೊದಲ ಪತ್ರದಲ್ಲಿ ಹೇಗಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ ಎಂದು ಕೇಳಬೇಕಿತ್ತು. ಅದಕ್ಕೆ ಈಗ ಪುರುಸೊತ್ತಿಲ್ಲ.

ನಿನ್ನೆ ನಮ್ಮ ಚಕ್ರದ ಅಲೈನ್‌ಮೆಂಟ್ ಅಂಗಡಿಗೆ ಒಬ್ಬ ಹಲ್ಲಿನ ಡಾಕ್ಟರು ಬಂದರು. ನಿಮ್ಮ ಊರಿನವರು, ಇಲ್ಲಿ ತಂಗಿಯ ಮನೆಗೆ ಬಂದವರು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿಸಿದ ಬಿಳಿ ಕಾರು, ಹಿಂದಿನ ಗಾಜಿನ ಮೇಲೆ ನಿನ್ನ ಅಂಗಡಿಯ ಹೆಸರು. "ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಎಳೀತಿದೆ, ನೇರ ಮಾಡ್ಕೊಡಿ ಸಾಕು" ಎಂದರು.

ಗಾಡಿ ಎತ್ತಿ ನೋಡಿದೆ. ಮುಂದಿನ ಟೈರುಗಳ ಹೊರಮೈ ಹೊಸದರ ಹಾಗಿದೆ, ಒಳಅಂಚು ಮಾತ್ರ ತಂತಿ ಕಾಣುವಷ್ಟು ಸವೆದಿದೆ. ನಿಂತು ನೋಡುವವರಿಗೆ ಹೊರಮೈ ಅಷ್ಟೇ ಕಾಣುವುದು. ಗುಂಡಿಯ ಹೊಡೆತ ತಡೆಯಬೇಕಾದ ಶಾಕ್ ಎರಡೂ ಎಣ್ಣೆ ಕಾರಿವೆ. ಸ್ಪ್ರಿಂಗ್‌ನ ತುದಿಯಲ್ಲಿ, ಗಾಡಿ ತಗ್ಗಲೆಂದು ಮೆಷಿನ್ನಿನಿಂದ ಕೊಯ್ದ ಗುರುತು. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಬಾಲ್ ಜಾಯಿಂಟ್ ಇದೆಯಲ್ಲ, ಅದರ ರಬ್ಬರ್ ಟೋಪಿ ಹರಿದು, ಗ್ರೀಸೆಲ್ಲ ಸೋರಿ, ಒಳಗೆ ತುಕ್ಕು. ಚಕ್ರ ಹಿಡಿದು ಅಲುಗಿಸಿದರೆ ಬೀಳುವ ಹಾಲುಹಲ್ಲಿನ ಹಾಗೆ ಕುಣಿಯಿತು. ಡಾಕ್ಟರನ್ನು ಕರೆದು ತೋರಿಸಿ, "ಇದು ಹಲ್ಲಾಗಿದ್ರೆ ಏನ್ಮಾಡ್ತಿದ್ರಿ?" ಎಂದೆ. "ಕೂತ ಕುರ್ಚಿಯಿಂದ ಏಳೋಕೆ ಬಿಡ್ತಿರಲಿಲ್ಲ" ಎಂದರು.

ಅವರ ಗಾಡಿಯನ್ನು ನಾನೂ ಏಳಲು ಬಿಟ್ಟಿಲ್ಲ. ಇಲ್ಲೇ ಇದೆ. ಬಿಚ್ಚಿದ ಜಾಯಿಂಟನ್ನು ಬಟ್ಟೆಯಲ್ಲಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ.

ನನಗೆ ಒಂದೇ ಉತ್ತರ ಬೇಕು. ಹೀಗೆ ಸ್ಪ್ರಿಂಗ್ ಕೊಯ್ದು ನೀನು ರಸ್ತೆಗೆ ಬಿಟ್ಟ ಗಾಡಿಗಳು ಎಷ್ಟು?

ಅಕ್ಕ

———

ಜೂನ್ ೬

ಅಕ್ಕ,

ಡ್ರೈವರ್ ಮಾವ ಗಿರಾಕಿಗಳ ಎದುರಿಗೇ ಪೊಟ್ಟಣ ಕೊಟ್ಟರು. ತಿನ್ನಲು ಏನೋ ಕಳಿಸಿದ್ದೀಯ ಎಂದುಕೊಂಡು ಬಿಚ್ಚಿದೆ. ತುಕ್ಕು ಹಿಡಿದ ಕಬ್ಬಿಣ. ನಮ್ಮ ಮನೆಯವರ ಪ್ರೀತಿ ಯಾವಾಗಲೂ ಹೀಗೇ.

ಗಾಡಿ ತಗ್ಗಿಸುವುದು ಕಳ್ಳತನವಲ್ಲ. ಜನ ಕೇಳುತ್ತಾರೆ, ನಾನು ಮಾಡುತ್ತೇನೆ. ತಗ್ಗಿದ ಗಾಡಿ ನೆಲ ಕಚ್ಚಿಕೊಂಡು ಓಡುತ್ತದೆ, ನೋಡಲೂ ಚೆನ್ನ. ಹೋಗುವಾಗ ಅಲೈನ್‌ಮೆಂಟ್ ಮಾಡಿಸಿಕೊಳ್ಳಿ ಎಂದು ಬಾಯಿಬಿಟ್ಟು ಹೇಳುತ್ತೇನೆ. ಮಾಡಿಸದಿದ್ದರೆ ನಾನೇನು ಅವರ ಬೆನ್ನು ಹತ್ತಲೇ? ರಸ್ತೆ ತುಂಬ ಗುಂಡಿ. ಟೈರು ಸವೆಯದೆ ಇನ್ನೇನಾಗುತ್ತದೆ?

ನಿಜ ಹೇಳಲೇ? ನೀನು ಬರೆದದ್ದು ಡಾಕ್ಟರ ಗಾಡಿಯ ಬಗ್ಗೆ ಅಲ್ಲ, ಅಪ್ಪನ ಗಾಡಿಯ ಬಗ್ಗೆ. ಅಪಘಾತದ ಮೇಲೆ ಅಪ್ಪನ ಬಲಗೈ ಇನ್ನು ಸ್ಪ್ಯಾನರ್ ಹಿಡಿಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನ, ವರಾಂಡದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. "ಗಾಡಿ ತಗ್ಗಿಸಿದವನು ಇವನೇ ಅಲ್ವಾ" ಎಂದು ದೊಡ್ಡಪ್ಪ ಬೆರಳು ತೋರಿಸಿದರು. ನೀನು ಗೋಡೆ ನೋಡುತ್ತಾ ನಿಂತಿದ್ದೆ. ತುಟಿ ಬಿಚ್ಚಲಿಲ್ಲ. ಆವತ್ತು ಆಡದ ಮಾತನ್ನು ಈಗಲೂ ಆಡಬೇಡ.

ಎಷ್ಟು ಗಾಡಿ ಎನ್ನುವುದು ನನ್ನ ಅಂಗಡಿಯ ವಿಷಯ.

ಅಪ್ಪ ಹೇಗಿದ್ದಾರೆ ಎಂದು ನಾನು ಕೇಳುತ್ತಿಲ್ಲ. ಬರೆಯುವುದಾದರೆ ಬರೆ.

ತಮ್ಮ

———

ಜೂನ್ ೮

ಮೊಳೆ,

ಅಪ್ಪ ಚೆನ್ನಾಗಿದ್ದಾರೆ. ಬೆಳಿಗ್ಗೆ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬರುವ ಗಾಡಿಯ ಸದ್ದು ಕೇಳಿಯೇ ಯಾವ ಚಕ್ರದಲ್ಲಿ ಏನಿದೆ ಎಂದು ಹೇಳುತ್ತಾರೆ. ಜನ ಈಗಲೂ 'ಸ್ಟೀರಿಂಗ್ ಮೇಷ್ಟ್ರು' ಎಂದೇ ಕರೆಯುವುದು. ಎಡಗೈಯಲ್ಲಿ ಸಹಿ ಮಾಡಲು ಕಲಿತಿದ್ದಾರೆ. ನಿನಗೆ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ನನ್ನ ಮಾತು ಬೇಡ ಎಂದೆ. ಬೇಡ. ನಿನ್ನ ಕಣ್ಣನ್ನೇ ಕೇಳು. ನಿನ್ನ ಅಂಗಡಿಯಲ್ಲಿ ತಗ್ಗಿಸಿದ ಗಾಡಿ ಒಂದಾದರೂ ನಿಂತಿರುತ್ತದೆ. ಅದರ ಮುಂದಿನ ಒಂದು ಸ್ಪ್ರಿಂಗ್ ಬಿಚ್ಚಿ ತೆಗೆ. ಸ್ಟೀರಿಂಗ್ ಅಲುಗದಂತೆ ಬಿಗಿಯಾಗಿ ಕಟ್ಟು. ಚಕ್ರಕ್ಕೆ ಒಂದು ಉದ್ದನೆಯ ಪಟ್ಟಿ ಕಟ್ಟಿ, ಜಾಕ್‌ನಿಂದ ಚಕ್ರವನ್ನು ಬೆರಳು ಬೆರಳಷ್ಟೇ ಮೇಲಕ್ಕೆತ್ತು. ಪಟ್ಟಿಯ ತುದಿ ಎಲ್ಲೆಲ್ಲಿ ಹೋಗುತ್ತದೆ ಎಂದು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕು.

ಚಕ್ರವನ್ನು ಹೊತ್ತಿರುವ ತೋಳು, ಚಕ್ರವನ್ನು ತಿರುಗಿಸುವ ಟೈ ರಾಡು, ಇವೆರಡೂ ಜೋಡೆತ್ತಿನ ಹಾಗೆ ಜೊತೆಗೆ ಏರಿ ಜೊತೆಗೆ ಇಳಿಯಬೇಕು ಎಂದು ಗಾಡಿ ಕಟ್ಟಿದವರು ಲೆಕ್ಕ ಹಾಕಿಟ್ಟಿರುತ್ತಾರೆ. ನೀನು ಮೈ ಇಳಿಸಿದರೆ ಎರಡರ ಓರೆಯೂ ಬದಲಾಗುತ್ತದೆ, ಆದರೆ ಒಂದೇ ಸಮನಾಗಿ ಅಲ್ಲ. ಆಮೇಲೆ ಪ್ರತಿ ಗುಂಡಿಯಲ್ಲೂ ಒಂದು ಇನ್ನೊಂದನ್ನು ಎಳೆಯುತ್ತದೆ, ಚಕ್ರ ತನ್ನಷ್ಟಕ್ಕೇ ತಿರುಗುತ್ತದೆ. ಓಡಿಸುವವರು ತಿದ್ದಿಕೊಳ್ಳುತ್ತಾ ಹೋಗುತ್ತಾರೆ, ತಿದ್ದುತ್ತಿರುವುದು ಅವರಿಗೇ ತಿಳಿಯುವುದಿಲ್ಲ. ಇನ್ನು ಬಾಲ್ ಜಾಯಿಂಟು. ದಿನವಿಡೀ ಕತ್ತು ಓರೆ ಮಾಡಿ ಕೂತವನ ಕತ್ತು ಏನಾಗುತ್ತದೋ ಅದಕ್ಕೂ ಅದೇ.

ಮಾಡಿ ನೋಡು. ಆಮೇಲೆ ನನ್ನನ್ನು ಬೈಯುವುದಿದ್ದರೆ ಬೈ.

ಅಕ್ಕ

———

ಜೂನ್ ೧೩

ಅಕ್ಕ,

ಪಟ್ಟಿಯ ತುದಿ ಮೂರು ಬೆರಳು ಸರಿಯಿತು.

ಮೊದಲು ಪಟ್ಟಿಯೇ ಸಡಿಲವಾಗಿದೆ ಎಂದುಕೊಂಡೆ. ಬಿಗಿ ಮಾಡಿ ಮತ್ತೆ ಎತ್ತಿದೆ. ಮತ್ತೆ ಮೂರು ಬೆರಳು. ಪಕ್ಕದಲ್ಲಿ ಬೇರೆ ಕೆಲಸಕ್ಕೆ ಬಂದ ಅದೇ ತರಹದ ಗಾಡಿಯಿತ್ತು, ತಗ್ಗಿಸದೇ ಇರುವುದು. ಅದಕ್ಕೂ ಕಟ್ಟಿ ನೋಡಿದೆ. ಗುರುತುಗಳು ಹೆಚ್ಚುಕಡಿಮೆ ಒಂದರ ಮೇಲೆ ಒಂದು ಬಂದವು. ನೆಲದ ಮೇಲಿನ ಆ ಎರಡು ಸಾಲು ಗುರುತುಗಳನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಹದಿನಾಲ್ಕು. ಡಾಕ್ಟರದ್ದೂ ಸೇರಿ. ಉಳಿದವಕ್ಕೆ ಸರಿಯಾದ ಗಿಡ್ಡ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಹಾಕಿದ್ದೇನೆ. ಈ ಹದಿನಾಲ್ಕಕ್ಕೆ ಮಾತ್ರ ಇದ್ದ ಸ್ಪ್ರಿಂಗನ್ನೇ ಕೊಯ್ದೆ. ಬೇಗ ಬೇಕು ಎಂದವರದ್ದು.

ಆದರೆ ನಾನು ಯಾರಿಗೂ ಫೋನ್ ಮಾಡುವುದಿಲ್ಲ ಅಕ್ಕ. ಮಾಡಿ ಏನೆಂದು ಹೇಳಲಿ? "ನಾನು ಮಾಡಿದ ಕೆಲಸದಿಂದ ನೀವು ಸಾಯಬಹುದು" ಎಂದೇ? ಒಬ್ಬರಿಗೆ ಹೇಳಿದರೆ ಊರಿಗೆಲ್ಲ ಹೇಳಿದ ಹಾಗೆ. ಅದೇ ವರಾಂಡ, ಅದೇ ಬೆರಳುಗಳು. ನನ್ನಪ್ಪನ ಕೈ ತೆಗೆದವನು ನಾನು ಎಂಬ ಮಾತನ್ನು ಆರು ವರ್ಷ ಹೊತ್ತಿದ್ದೇನೆ. ಇಲ್ಲಿ ಯಾರಿಗೂ ಗೊತ್ತಿಲ್ಲ ಎಂದೇ ಇಲ್ಲಿ ಬದುಕಿದ್ದೇನೆ. ಅದರ ಮೇಲೆ ಇನ್ನೊಂದನ್ನು ಹೊರಲು ನನ್ನಿಂದ ಆಗದು.

ಯಾರಾದರೂ ತಾವಾಗಿ ಬಂದರೆ ಸರಿಮಾಡಿ ಕೊಡುತ್ತೇನೆ. ಅಷ್ಟೇ.

ತಮ್ಮ

———

ಜೂನ್ ೧೫

ಮೊಳೆ,

ಇದನ್ನು ಮೂರು ಸಲ ಬರೆದು ಎಸೆದೆ. ಬಸ್ಸು ಹೊರಡಲು ಇನ್ನು ಅರ್ಧ ಗಂಟೆ ಇದೆ, ಇದನ್ನು ಎಸೆಯಲು ಸಮಯವಿಲ್ಲ.

ಆವತ್ತು ನಾನು ಗೋಡೆ ನೋಡುತ್ತಾ ನಿಂತದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ.

ಅಪ್ಪನ ಗಾಡಿಯನ್ನು ನೀನು ತಗ್ಗಿಸಿ ನಾಲ್ಕು ತಿಂಗಳಾಗಿತ್ತು. ಟೈರಿನ ಒಳಅಂಚು ಸವೆಯುತ್ತಿದೆ, ಇನ್ನೊಂದು ಸಲ ನೋಡಕ್ಕ ಎಂದು ಒಂದು ಶುಕ್ರವಾರ ನೀನೇ ಗಾಡಿ ತಂದು ನನ್ನ ಹತ್ತಿರ ಬಿಟ್ಟು ಹೋದೆ. ನೀನು ಮಾಡಬೇಕಾದದ್ದನ್ನು ಮಾಡಿದ್ದೆ. ನಾನು ಗಾಡಿ ಎತ್ತಿ ಬಲಗಡೆಯ ಚಕ್ರ ಅಲುಗಿಸಿದೆ. ಟೈ ರಾಡಿನ ತುದಿ ಟಕ್ ಎಂದಿತು. 'ಬಲ ತುದಿ ಬದಲಿಸಬೇಕು' ಎಂದು ಗಾಡಿಯ ಚೀಟಿಯ ಮೇಲೆ ನನ್ನ ಕೈಯಾರೆ ಬರೆದೆ. ಹೊಸ ತುದಿ ಅಂಗಡಿಯಲ್ಲಿ ಇರಲಿಲ್ಲ, ಸೋಮವಾರ ಬರುವುದಿತ್ತು. ಹಿಂದೆ ಇನ್ನೂ ಐದು ಗಾಡಿ ಸಾಲು ನಿಂತಿದ್ದವು. ಎರಡು ದಿನಕ್ಕೆ ಏನು ಮುಳುಗಿಹೋಗುತ್ತದೆ ಎಂದುಕೊಂಡು ಅಲೈನ್‌ಮೆಂಟಿನ ಅಳತೆ ಕೂರಿಸಿ ಕೆಳಗಿಳಿಸಿದೆ. ಅಪ್ಪನಿಗೆ ಹೇಳಲಿಲ್ಲ. ಕೀಲಿಯನ್ನು ಗೂಟಕ್ಕೆ ನೇತುಹಾಕಿದೆ.

ಶನಿವಾರ ಅಪ್ಪ ಅದೇ ಗೂಟದಿಂದ ಕೀಲಿ ತೆಗೆದುಕೊಂಡು ಹೋದರು. ಇಳಿಜಾರಿನ ತಿರುವಿನಲ್ಲಿ ಗುಂಡಿಗೆ ಬಿದ್ದಾಗ ಕಳಚಿಕೊಂಡದ್ದು ಆ ತುದಿಯೇ. ಗುಜರಿಯವನ ಹತ್ತಿರ ಹೋಗಿ ಕಣ್ಣಾರೆ ನೋಡಿ ಬಂದೆ. ಬಂದವಳೇ ಆ ಚೀಟಿಯನ್ನು ಹರಿದು ಒಲೆಗೆ ಹಾಕಿದೆ.

ಅಪ್ಪನ ಕೈ ಹೋದ ಮೇಲೆ ಅಂಗಡಿ ನಿಂತದ್ದು ನನ್ನ ಹೆಸರಿನ ಮೇಲೆ. 'ಅವಳ ಕಣ್ಣು ತಪ್ಪಿಸಿ ಯಾವ ಗಾಡಿಯೂ ಹೊರಗೆ ಹೋಗಲ್ಲ' ಎನ್ನುತ್ತಾರೆ ಜನ. ಹಾಗೆ ಅನ್ನಿಸಿಕೊಳ್ಳುತ್ತಾ ಆರು ವರ್ಷ ಕಳೆದೆ. ಅದಕ್ಕೆ ಬೆಲೆ ತೆತ್ತವನು ನೀನು.

ನಿನ್ನದೇನೂ ತಪ್ಪಿಲ್ಲ ಎಂದು ಹೇಳಲಾರೆ. ಗಾಡಿ ತಗ್ಗಿದ್ದರಿಂದಲೇ ಆ ತುದಿ ನಾಲ್ಕೇ ತಿಂಗಳಲ್ಲಿ ಸವೆದದ್ದು. ಆದರೆ ನೀನು ಗೊತ್ತಿಲ್ಲದೆ ಮಾಡಿದೆ, ನಾನು ಗೊತ್ತಿದ್ದೂ ಬಿಟ್ಟೆ. ಈಗ ನಿನಗೂ ಗೊತ್ತಾಗಿದೆ. ನನ್ನ ಹಾಗೆ ಸೋಮವಾರಕ್ಕೆ ಕಾಯಬೇಡ.

ಅಕ್ಕ

———

ಜೂನ್ ೨೬

ಅಕ್ಕ,

ನಿನ್ನ ಪತ್ರವನ್ನು ಹರಿಯಬೇಕು ಎನಿಸಿತು. ಹರಿಯಲಿಲ್ಲ. ನಮ್ಮ ಮನೆಯಲ್ಲಿ ಕಾಗದ ಹರಿಯುವವರು ಒಬ್ಬರು ಸಾಕು.

ಎರಡು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ತೆಗೆದು ಫೋನ್ ಹಿಡಿದು ಕೂತೆ. ನಿನ್ನ ಬಗ್ಗೆ ಏನು ಹೇಳಬೇಕೋ ಅದನ್ನು ಆಮೇಲೆ ಹೇಳುತ್ತೇನೆ, ಅದು ಒಂದು ಪತ್ರಕ್ಕೆ ಮುಗಿಯುವುದಲ್ಲ.

ಒಬ್ಬ ನಕ್ಕ. ಒಬ್ಬ ಕೇಸು ಹಾಕುತ್ತೇನೆ ಎಂದ. ಒಬ್ಬರು ಮಾತಾಡದೆ ಫೋನಿಟ್ಟು, ಅರ್ಧ ಗಂಟೆಯಲ್ಲಿ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಅಂತೂ ಡಾಕ್ಟರದ್ದೂ ಸೇರಿ ಹದಿಮೂರು ಸಿಕ್ಕವು. ಒಂಬತ್ತರಲ್ಲಿ ಜಾಯಿಂಟು ಹೋಗಿದೆ. ಎರಡರಲ್ಲಿ, ಜಾಕ್‌ನಿಂದ ಎತ್ತಿದರೆ ಕೊಯ್ದ ಸ್ಪ್ರಿಂಗು ತನ್ನ ಜಾಗದಿಂದಲೇ ಜಾರುತ್ತದೆ.

ಹದಿನಾಲ್ಕನೆಯದು ಒಬ್ಬ ದರ್ಜಿಯದು. ನೀಲಿ ಗಾಡಿ. ಅದು ಎಲ್ಲಕ್ಕಿಂತ ಮೊದಲು ನಾನು ಕೊಯ್ದದ್ದು, ಎಲ್ಲಕ್ಕಿಂತ ಹೆಚ್ಚು ತಗ್ಗಿಸಿದ್ದು. "ಅದನ್ನ ಆಗ್ಲೇ ಮಾರ್ಬಿಟ್ಟೆ" ಎಂದ. ಯಾರಿಗೆ ಎಂದರೆ ಗೊಣಗುಟ್ಟಿ ಫೋನಿಟ್ಟ. ಈಗ ಎತ್ತುತ್ತಿಲ್ಲ. ಆ ಗಾಡಿ ಎಲ್ಲಿ ಓಡುತ್ತಿದೆಯೋ, ಅದರಲ್ಲಿ ಯಾರು ಕೂತಿದ್ದಾರೋ.

ಅಪ್ಪನಿಗೆ ಹೇಳಿದೆಯಾ?

ತಮ್ಮ

———

ಜೂನ್ ೨೭

ಮೊಳೆ,

ಇನ್ನೂ ಇಲ್ಲ. ನಿನ್ನೆ ಅವರ ಕೋಣೆಯ ಬಾಗಿಲವರೆಗೆ ಹೋದೆ. "ಏನಮ್ಮ?" ಎಂದರು. "ಚಹಾ ಮಾಡ್ಲಾ ಅಂತ ಕೇಳೋಕೆ ಬಂದೆ" ಎಂದೆ.

ದರ್ಜಿಗೆ ಫೋನ್ ಮಾಡಬೇಡ, ಅವನ ಅಂಗಡಿಗೇ ಹೋಗು. ಫೋನಿನಲ್ಲಿ ಜಾರಿಕೊಳ್ಳುವವರು ಎದುರಿಗೆ ನಿಂತರೆ ಹೇಳಿಬಿಡುತ್ತಾರೆ. ಡಾಕ್ಟರ ಗಾಡಿಯ ಜಾಯಿಂಟು ನಿನ್ನ ಹತ್ತಿರ ಇದೆಯಲ್ಲ, ಅದನ್ನು ಅವನ ಮೇಜಿನ ಮೇಲಿಡು.

ಬೇಗ ಹೋಗು. ಇದನ್ನು ಓದಿ ಮುಗಿಸಿದ ಕೂಡಲೇ ಹೋಗು.

ಅಕ್ಕ

———

ಜುಲೈ ೪

ಅಕ್ಕ,

ಗಾಡಿ ಸಿಕ್ಕಿತು.

ದರ್ಜಿ ಕಬ್ಬಿಣ ನೋಡಿ ಕತ್ತರಿ ಕೆಳಗಿಟ್ಟ. ಬೆಟ್ಟದ ಮೇಲಿನ ಆಸ್ಪತ್ರೆಯ ನರ್ಸ್ ಒಬ್ಬರಿಗೆ ಮಾರಿದ್ದನಂತೆ. ಸ್ಪ್ರಿಂಗ್ ಕೊಯ್ದದ್ದನ್ನು ಅವರಿಗೆ ಹೇಳಿರಲಿಲ್ಲ, ಅದಕ್ಕೇ ಫೋನ್ ಎತ್ತುತ್ತಿರಲಿಲ್ಲ. ಮರುದಿನ ಮೊದಲ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತಿರುವು, ತಿರುವಿನಲ್ಲೆಲ್ಲ ಗುಂಡಿ. ಎದುರಿಗೆ ಬರುವ ಪ್ರತಿ ಗಾಡಿಯ ಬಣ್ಣ ನೋಡುತ್ತಾ ಹೋದೆ.

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ನಿಂತಿತ್ತು. ನಾನು ಮಂಡಿಯೂರಿ ಚಕ್ರದ ಒಳಗೆ ಕೈ ಹಾಕಿದ್ದೆ. ಕಾವಲುಗಾರ ಬಂದು ಕುತ್ತಿಗೆ ಪಟ್ಟಿ ಹಿಡಿದ. ಅಷ್ಟರಲ್ಲಿ ನರ್ಸಮ್ಮ ಪಾಳಿ ಮುಗಿಸಿ ಬಂದರು. ಜೊತೆಗೆ ಅವರ ತಾಯಿ, ಕಣ್ಣಿಗೆ ಪಟ್ಟಿ ಕಟ್ಟಿತ್ತು.

"ಯಾರ್ರೀ ನೀವು? ನಮ್ಮ ಗಾಡಿ ಕೆಳಗೆ ಏನ್ ಮಾಡ್ತಿದೀರಿ?"

"ಇದನ್ನ ತಗ್ಗಿಸಿದವನು ನಾನು. ಇದನ್ನ ಓಡಿಸ್ಬೇಡಿ ಮೇಡಂ."

"ದಾರಿ ಬಿಡಿ. ಅಮ್ಮನ್ನ ಮನೆಗೆ ಬಿಟ್ಟು ನಾನು ವಾಪಸ್ ಬರ್ಬೇಕು."

ಬಾಗಿಲು ತೆಗೆದು ತಾಯಿಯನ್ನು ಕೂರಿಸಿಯೇಬಿಟ್ಟರು. ನನಗೆ ಬೇರೆ ಏನೂ ತೋಚಲಿಲ್ಲ ಅಕ್ಕ. ಮುಂದಿನ ಚಕ್ರಕ್ಕೆ ಅಡ್ಡಲಾಗಿ ನೆಲದ ಮೇಲೆ ಮಲಗಿಬಿಟ್ಟೆ. ಕಾವಲುಗಾರ ಕಾಲು ಹಿಡಿದು ಎಳೆಯುತ್ತಿದ್ದ. ನಾನು ಕೂಗಿದೆ, "ಬಲಕ್ಕೆ ತಿರುಗಿಸೋವಾಗ ಕೆಳಗಡೆ ಕಟಕಟ ಅನ್ನತ್ತಾ ಇಲ್ವಾ? ಅಷ್ಟು ಹೇಳಿ, ಎದ್ದು ಹೋಗ್ತೀನಿ."

ಅವರು ಕೀಲಿ ತಿರುಗಿಸುತ್ತಿದ್ದವರು ನಿಂತರು. "ಅನ್ನತ್ತೆ. ಒಂದು ತಿಂಗಳಿಂದ" ಎಂದರು.

ತಾಯಿಯನ್ನು ಇಳಿಸಲು ಹೇಳಿ ಗಾಡಿಗೆ ಜಾಕ್ ಕೊಟ್ಟೆ. ಕಾವಲುಗಾರನಿಗೆ ಹಾರೆ ಕೊಟ್ಟು ತೋಳಿನ ಸಂದಿಯಲ್ಲಿ ಇಟ್ಟು ಮೀಟಲು ಹೇಳಿದೆ. ಅವನು ಇನ್ನೂ ಪೂರ್ತಿ ಬಲ ಹಾಕಿರಲಿಲ್ಲ. ಜಾಯಿಂಟಿನ ಗುಂಡು ಬಟ್ಟಲಿನಿಂದ ಕಿತ್ತುಕೊಂಡು ಬಂತು. ಚಕ್ರ ಮುರಿದ ಕಾಲಿನ ಹಾಗೆ ಹೊರಗೆ ಮಡಚಿಕೊಂಡಿತು.

ನರ್ಸಮ್ಮ ಮೆಟ್ಟಿಲ ಮೇಲೆ ಕೂತರು. "ನಿನ್ನೆ ಇದ್ರಲ್ಲಿ ನಾಲ್ಕು ಜನ ಕೂತು ಬೆಟ್ಟ ಇಳಿದು ಹೋಗಿದೀವಿ" ಎಂದರು. ಆಮೇಲೆ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದರು. ಪೆಟ್ಟೇನೂ ಜೋರಾಗಿ ಬೀಳಲಿಲ್ಲ. "ಹೇಗೆ ಬಂದ್ರಿ?" ಎಂದು ಕೇಳಿದರು. ಬಸ್ಸಿನಲ್ಲಿ ಎಂದೆ. "ಹಾಗಾದ್ರೆ ಇದು ಮೊದಲಿನ ಎತ್ತರಕ್ಕೆ ಬರೋವರೆಗೂ ಬಸ್ ಹತ್ಬೇಡಿ."

ಮೂರು ದಿನ ಅಲ್ಲೇ ಇದ್ದೆ. ಸ್ಪ್ರಿಂಗು, ಶಾಕು, ಜಾಯಿಂಟು, ಎಲ್ಲ ಹೊಸದು. ಹೊರಡುವಾಗ ಅವರ ತಾಯಿ ನನ್ನ ಧ್ವನಿ ಗುರುತು ಹಿಡಿದು, "ಅಡ್ಡ ಮಲಗಿದ್ದನಲ್ಲ, ಅವನೇನಾ?" ಎಂದು ನಕ್ಕರು. ನನಗೆ ಅಳು ಬಂತು.

ಈಗ ನಿನ್ನ ಸರದಿ ಅಕ್ಕ. ಅಪ್ಪನಿಗೆ ಹೇಳು.

ತಮ್ಮ

———

ಜುಲೈ ೯

ಮೊಳೆ,

ಹೇಳಿದೆ.

ರೇಡಿಯೋ ಕೇಳುತ್ತಾ ಕೂತಿದ್ದರು. ನಾನು ಹೇಳಿ ಮುಗಿಸುವವರೆಗೂ ಅದು ಹಾಡುತ್ತಲೇ ಇತ್ತು. ಆಮೇಲೆ ಆರಿಸಿದರು.

"ಚೀಟಿ ಮೇಲೆ ಬರೆದಿದ್ದೆಯಾ?"

"ಬರೆದಿದ್ದೆ ಅಪ್ಪ."

"ಹರಿದೆಯಾ?"

"ಹೂಂ."

"ಕೈ ಹೋದದ್ದು ಹೋಗ್ಲಿ. ತುದಿ ಸವೆಯೋದು, ಮನುಷ್ಯರ ಕಣ್ಣು ತಪ್ಪೋದು, ಎಲ್ಲ ಇರೋದೇ. ಆರು ವರ್ಷ ನನ್ನ ಮಗನ್ನ ನನ್ನಿಂದ ದೂರ ಇಟ್ಟೆಯಲ್ಲೇ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆ ಚೀಲ ತುಂಬಿಕೊಂಡರು. ದಿನಾ ಅಂಗಿಯ ಗುಂಡಿ ಹಾಕುವವಳು ನಾನು. ಇವತ್ತು ಕರೆಯಲಿಲ್ಲ. ಎಡಗೈ ಒಂದರಿಂದಲೇ ಹಾಕಿಕೊಂಡರು. ಬಾಗಿಲಲ್ಲಿ ನಿಂತು ನೋಡಿದೆ. ಮೇಲಿನ ಗುಂಡಿ ಕೊನೆಗೂ ಕೂರಲಿಲ್ಲ, ಹಾಗೇ ಹೊರಟರು.

ಈ ಪತ್ರ ನಿನಗೆ ಸಿಗುವ ಬಸ್ಸಿನಲ್ಲೇ ಅಪ್ಪ ಇದ್ದಾರೆ. ಎರಡನೆಯ ಸಾಲು, ಕಿಟಕಿಯ ಪಕ್ಕ. ಮೊದಲು ಅವರನ್ನು ಇಳಿಸಿಕೊ, ಇದನ್ನು ಆಮೇಲೆ ಓದು. ಬಿಸಿನೀರು ತುಂಬಿದ ಪಾತ್ರೆ ಎತ್ತಲು ಬಿಡಬೇಡ. ಗುಂಡಿಯನ್ನು ಕೇಳದೇ ಹಾಕು, ಕೇಳಿದರೆ ಬೇಡ ಎನ್ನುತ್ತಾರೆ.

ನನ್ನ ಬಗ್ಗೆ ಏನೂ ಹೇಳಬೇಡ.

ಅಕ್ಕ

———

ಸೆಪ್ಟೆಂಬರ್ ೧೨

ಅಕ್ಕ,

ನಡುವೆ ನೀನು ಕಳಿಸಿದ ನಾಲ್ಕು ಪತ್ರಕ್ಕೂ ಉತ್ತರ ಬರೆಯಲಿಲ್ಲ. ಸಿಟ್ಟಿತ್ತು. ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ.

ಅಪ್ಪ ನನ್ನ ಅಂಗಡಿಯನ್ನು ತಮ್ಮದಾಗಿಸಿಕೊಂಡಿದ್ದಾರೆ. ಕಟಿಂಗ್ ಮೆಷಿನ್ನನ್ನು ಸ್ಪ್ರಿಂಗಿನ ಹತ್ತಿರ ತರುವ ಹಾಗಿಲ್ಲ. ತಗ್ಗಿಸಬೇಕು ಎಂದು ಬಂದವರಿಗೆ ಗಿಡ್ಡ ಸ್ಪ್ರಿಂಗು, ಅದಕ್ಕೆ ತಕ್ಕ ಶಾಕು, ಟೈ ರಾಡಿನ ಓರೆ ಸರಿಪಡಿಸುವ ತುದಿ, ಮೂರೂ ಹಾಕಿಸಿಕೊಂಡರೆ ಸರಿ, ಇಲ್ಲವಾದರೆ ನಮಸ್ಕಾರ. ಅರ್ಧ ಜನ ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾರೆ. ಉಳಿದರ್ಧ ಅಪ್ಪನ ಬೈಗುಳ ಕೇಳಲೆಂದೇ ಕೂರುತ್ತಾರೆ. ದೊಡ್ಡಪ್ಪನಿಗೂ ಫೋನ್ ಮಾಡಿ, ಆವತ್ತು ತೋರಿಸಿದ ಬೆರಳು ಎಲ್ಲಿಟ್ಟಿದ್ದೀಯ ಎಂದು ವಿಚಾರಿಸಿದರು.

ಎರಡು ತಿಂಗಳಲ್ಲಿ ಒಂದು ದಿನವೂ ನಿನ್ನ ಸುದ್ದಿ ಎತ್ತಿರಲಿಲ್ಲ. ನಾನಾಗಿ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು.

ನಿನ್ನೆ ಒಬ್ಬರು ಸಂಗೀತದ ಮೇಷ್ಟರು ಗಾಡಿ ತೆಗೆದುಕೊಂಡು ಹೋಗಲು ಬಂದಿದ್ದರು. ಕೆಲಸವೆಲ್ಲ ಮುಗಿದಿತ್ತು. "ಅಲೈನ್‌ಮೆಂಟ್ ಇಲ್ಲೇ ಪಕ್ಕದಲ್ಲಿ ಎಲ್ಲಾದ್ರೂ ಮಾಡಿಸ್ಲಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು, "ಪಕ್ಕದಲ್ಲಿ ಬೇಡ. ನಾಲ್ಕು ಗಂಟೆ ದಾರಿ ಆಗತ್ತೆ, ಆದ್ರೂ ನನ್ನ ಮಗಳ ಹತ್ರ ಹೋಗಿ."

"ಅಷ್ಟು ದೂರ ಯಾಕೆ ಮೇಷ್ಟ್ರೇ? ಅವರ ಕಣ್ಣು ತಪ್ಪೋದೇ ಇಲ್ವಾ?" ಎಂದರು ಸಂಗೀತದವರು.

"ಒಂದ್ಸಲ ತಪ್ಪಿದೆ" ಎಂದರು ಅಪ್ಪ. "ತಪ್ಪೇ ಮಾಡದವರ ಹತ್ರ ಕಳಿಸೋಕೆ ನನಗೆ ಭಯ. ಅವಳು ಎರಡೆರಡು ಸಲ ನೋಡ್ತಾಳೆ."

ಗುರುವಾರ ಮಧ್ಯಾಹ್ನದ ಹೊತ್ತಿಗೆ ಗಾಡಿ ನಿನ್ನ ಅಂಗಡಿಗೆ ಬರುತ್ತದೆ. ಬೂದು ಬಣ್ಣ. ಓಡಿಸುವವರು ಸಂಗೀತದ ಮೇಷ್ಟರು, ಹಿಂದಿನ ಸೀಟಿನಲ್ಲಿ ನಾನು, ಮುಂದೆ ಅಪ್ಪ. ಅಳತೆ ಸರಿಯಾಗಿ ಕೂರಿಸುತ್ತೀಯೋ ಇಲ್ಲವೋ ನೋಡಲು ಬರುತ್ತಿದ್ದಾರಂತೆ, ಬೇರೆ ಯಾವುದಕ್ಕೂ ಅಲ್ಲವಂತೆ.

ಅವರು ಇಳಿದ ಕೂಡಲೇ ನೀನು ಅಳಬೇಡ, ಕಾಲು ಹಿಡಿಯಲೂ ಹೋಗಬೇಡ. ಗಾಡಿ ಎತ್ತು. ಏನು ಕಂಡಿತೋ ಅದನ್ನು ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳು.

ನಿನ್ನ ತಮ್ಮ